ಆರೈಕೆಗೆ ಜನ ಇಡ್ತಿದ್ದೀರಾ? ಮೊದಲು ಆರೈಕೆ ಬೇಕಾದವರನ್ನೇ ಕೇಳಿ

ಅಮ್ಮನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಸೋತ ಮೇಲೆ ಮಂಡ್ಯದ ನಮ್ಮ ಮನೆಗೆ ಏಜೆನ್ಸಿಯಿಂದ ಆಯಾ ಕರೆಸಿದ್ವಿ. ವಾರಕ್ಕೊಬ್ಬರು ಬದಲಾಗೋರು. ಹೊಸಬರು ಸ್ನಾನ ಮಾಡಿಸೋಕೆ ಬಂದಾಗಲೆಲ್ಲ ಅಮ್ಮ ಮುದುರಿಕೊಳ್ಳೋರು.

ಆಮೇಲೆ ಆಯ್ಕೆಯನ್ನ ಅಮ್ಮನಿಗೇ ಬಿಟ್ವಿ. ಪಕ್ಕದ ಬೀದಿಯ ಪರಿಚಯದ ಹೆಂಗಸೊಬ್ಬರನ್ನ ಅವರೇ ಒಪ್ಪಿದ್ರು. ಸ್ನಾನ ಎಷ್ಟೊತ್ತಿಗೆ, ರಾತ್ರಿಗೆ ಮುದ್ದೆಯೋ ಅಂಬಲಿಯೋ, ಯಾವ ಕೆಲಸ ತಾವೇ ಮಾಡ್ಕೋತಾರೆ, ಎಲ್ಲ ಅವರು ಹೇಳಿದಂಗೆ ಬರೆದು ಬೀರು ಮೇಲೆ ಅಂಟಿಸಿದ್ದೀವಿ. ಬಲಗೈಲಿ ತಲೆ ಬಾಚ್ಕೊಳ್ಳೋಕೆ ಹತ್ತು ನಿಮಿಷ ಆಗುತ್ತೆ. ಆಗಲಿ, ಯಾರೂ ಬಾಚಣಿಗೆ ಕಿತ್ಕೊಳ್ಳಲ್ಲ.

ನೀವೂ ಹೀಗೆ ಇಡೋದಾದ್ರೆ ಮೊದಲ ವಾರ ಜೊತೆಗಿರಿ. ಎಬ್ಬಿಸಿ ಕೂರಿಸೋದನ್ನ ಫಿಸಿಯೋಥೆರಪಿಸ್ಟ್ ಹತ್ರನೇ ಕಲಿಸಿ. ಸೋತ ಕೈ ಹಿಡಿದು ಎಳೀಬೇಡಿ, ಭುಜದ ಕೀಲು ಜಾರಬಹುದು. ಸೊಂಟಕ್ಕೆ ಕಟ್ಟೋ ಬೆಲ್ಟ್ ಸಿಗುತ್ತೆ, ಅದನ್ನ ಹಿಡೀರಿ. ಸಂಬಳ, ವಾರದ ರಜೆ ಮೊದಲೇ ಮಾತಾಡಿ. ದಯವಿಟ್ಟು ರಜೆ ತಪ್ಪಿಸಬೇಡಿ, ನೋಡ್ಕೊಳ್ಳೋರಿಗೂ ಮೈಕೈ ನೋಯುತ್ತೆ.

ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಇಲ್ಲದಿದ್ರೆ ಮಾಡಿಸಿ. ಹಳ್ಳಿಯವರು ಗ್ರಾಮ ಪಂಚಾಯ್ತಿಯ ವಿ.ಆರ್.ಡಬ್ಲ್ಯು. (ಅಂಗವಿಕಲರಿಗೆ ನೆರವಾಗೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನ ಕೇಳಿದ್ರೆ ಅರ್ಜಿಗೆ ನೆರವಾಗ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇದ್ದವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿ ಖರ್ಚೂ ಅದರಲ್ಲಿ ಸೇರುತ್ತೆ. ಹಿರಿಯರ ಸಹಾಯವಾಣಿ 14567, ಕರೆ ಉಚಿತ. ಈ ನಂಬರನ್ನ ಅವರ ಫೋನಲ್ಲೇ ಸೇವ್ ಮಾಡಿಕೊಡಿ.