ಮಹಡಿ ಮೇಲೊಂದು ಮಣಿ ಕೋಣೆ

ನಾನು ಮಾಡಿದ ಮೊದಲ ಹನ್ನೊಂದು ಗಾಜಿನ ಮಣಿಗಳಲ್ಲಿ ಉಳಿದದ್ದು ಎರಡೇ. ರಾತ್ರಿ ಮೇಜಿನ ಮೇಲಿಟ್ಟು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಉಳಿದವೆಲ್ಲ ಸೀಳಿದ್ದವು. ಇದ್ದ ದುಡ್ಡನ್ನೆಲ್ಲ ಗಾಜು ಕರಗಿಸುವ ಗ್ಯಾಸ್ ಟಾರ್ಚ್‌ಗೆ ಸುರಿದು, ಮಣಿಯನ್ನು ನಿಧಾನವಾಗಿ ತಣಿಸುವುದಕ್ಕೆ ಏನೂ ಇಟ್ಟುಕೊಂಡಿರಲಿಲ್ಲ. ಅದಕ್ಕೇ ಹೇಳುವುದು, ಮೊದಲು ಆ ತಣಿಸುವ ಗೂಡು, ಅಂದರೆ ಕಿಲ್ನ್‌ಗೆ ದುಡ್ಡು ಎತ್ತಿಡಿ. ಬೆಂಕಿ ಆಮೇಲೆ.

ಜಾಗ ಅಡುಗೆಮನೆ ಆಗಬಾರದು. ಮೈಸೂರಿನ ನಮ್ಮ ಮನೆ ಮಹಡಿ ಮೇಲೆ ಹಪ್ಪಳದ ಡಬ್ಬಿಗಳಿದ್ದ ಒಂದು ಶೀಟಿನ ಕೋಣೆ ಇತ್ತು, ಅದೇ ಸಾಕಾಯಿತು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ನೆಲಮಾಳಿಗೆಯಂತೂ ಬೇಡವೇ ಬೇಡ. ಟಾರ್ಚ್ ಎದುರಿನ ಗೋಡೆಗೆ ದೊಡ್ಡ ಎಕ್ಸಾಸ್ಟ್ ಫ್ಯಾನ್, ನಿಮ್ಮ ಬೆನ್ನ ಹಿಂದೆ ತೆರೆದ ಕಿಟಕಿ. ಹೊಸ ಗಾಳಿ ಹಿಂದಿನಿಂದ ಬಂದು ಹೊಗೆಯನ್ನು ಮುಂದಕ್ಕೆ ತಳ್ಳಬೇಕು. ಮೇಜಿಗೆ ಸಿಮೆಂಟ್ ಬೋರ್ಡ್ ಹೊದಿಸಿ. ಕೈಗೆಟುಕುವಲ್ಲಿ ಅಗ್ನಿಶಾಮಕ ಇರಲಿ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಜಡೆ ಕಟ್ಟಿಕೊಳ್ಳಿ, ದುಪಟ್ಟಾ ಕೆಳಗಡೆ ಬಿಟ್ಟು ಬನ್ನಿ.

ಟಾರ್ಚ್‌ಗೆ ಗ್ಯಾಸ್ ಜೊತೆ ಆಕ್ಸಿಜನ್ನೂ ಬೇಕು. ಕೋವಿಡ್ ಕಾಲದಲ್ಲಿ ಕೊಂಡ 5 ಲೀಟರಿನ ಆಕ್ಸಿಜನ್ ಕಾನ್ಸೆಂಟ್ರೇಟರ್ ಒಂದು ನೆಂಟರ ಮಂಚದ ಕೆಳಗೆ ಧೂಳು ಹಿಡಿದಿತ್ತು. ಚಿಕ್ಕ ಟಾರ್ಚ್‌ಗೆ ಅಷ್ಟು ಸಾಕು. ಅಡುಗೆಯ ಸಿಲಿಂಡರ್ ಮುಟ್ಟಬೇಡಿ, ಬೇರೆ ಸಂಪರ್ಕ ತೆಗೆದುಕೊಳ್ಳಿ. ಎರಡು ಪೈಪಿಗೂ ಜ್ವಾಲೆ ಹಿಂದಕ್ಕೆ ನುಗ್ಗದಂತೆ ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಹಾಕಿಸಿ. ಜೋಡಿಸಿದ ಮೇಲೆ ಪ್ರತಿ ಸಂದಿಗೂ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಕಡ್ಡಿ ಗೀರಬೇಡಿ.

ಡಿಡಿಮಿಯಂ ಕನ್ನಡಕ ಬೇಕೇ ಬೇಕು. ಗಾಜು ಕಾದಾಗ ಅದರಲ್ಲಿರುವ ಸೋಡಿಯಂನಿಂದ ಕಣ್ಣು ಕುಕ್ಕುವ ಹಳದಿ ಬೆಳಕು ಬರುತ್ತದೆ, ಮಣಿಯೇ ಕಾಣುವುದಿಲ್ಲ. ಈ ಕನ್ನಡಕ ಹಾಕಿದರೆ ಆ ಹಳದಿ ಮಾಯ. ಬಿಸಿಲಿನ ಕಪ್ಪು ಕನ್ನಡಕದಿಂದ ಈ ಕೆಲಸ ಆಗುವುದಿಲ್ಲ.

ಮಣಿ ಸುತ್ತುವ ಸರಳಿಗೆ ಸ್ಟೇನ್‌ಲೆಸ್ ವೆಲ್ಡಿಂಗ್ ರಾಡ್ ತನ್ನಿ, 1.6 ಅಥವಾ 2.4 ಎಂಎಂ. ಒಂದನ್ನು ನಾಲ್ಕು ತುಂಡು ಮಾಡಿ. ತುದಿಯನ್ನು ಬೀಡ್ ರಿಲೀಸ್ ಅನ್ನುವ ಮಣ್ಣಿನಂಥ ಲೇಪದಲ್ಲಿ ಅದ್ದಬೇಕು. ಅದು ನೀರುದೋಸೆ ಹಿಟ್ಟಿಗಿಂತ ಕೊಂಚ ಗಟ್ಟಿ ಇರಲಿ. ಮರಳು ತುಂಬಿದ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ ಪೂರ್ತಿ ಒಣಗಿಸಿ. ಹಸಿ ಇದ್ದರೆ ಜ್ವಾಲೆಯಲ್ಲಿ ಲೇಪ ಚಟಪಟ ಎಂದು ಎದ್ದುಬಿಡುತ್ತದೆ.

ಗಾಜಿನ ವಿಷಯದಲ್ಲಿ ನಾನು ಇನ್ನೊಂದು ಪೆಟ್ಟು ತಿಂದೆ. ಅಮ್ಮನ ಹಸಿರು ಬಳೆ ಚೂರನ್ನು ಇಟಲಿಯ ಎಫೆಟ್ರೆ ಕಂಪನಿಯ ಗಾಜಿನ ಕಡ್ಡಿಯ ಜೊತೆ ಸೇರಿಸಿದೆ. ಮಣಿ ಚೆಂದವಾಗೇ ಬಂತು. ಮೂರನೇ ದಿನ ಟಕ್ ಅಂತ ಒಡೆಯಿತು. ಒಂದೊಂದು ಗಾಜು ಬಿಸಿಗೆ ಒಂದೊಂದು ಲೆಕ್ಕದಲ್ಲಿ ಹಿಗ್ಗುತ್ತದೆ. ಎಫೆಟ್ರೆಗೆ ಆ ಅಂಕಿ 104, ಲ್ಯಾಬಿನ ಬೀಕರಿಗೆ ಬಳಸುವ ಬೋರೋಸಿಲಿಕೇಟ್‌ಗೆ 33. ಒಂದೇ ಅಂಕಿಯವನ್ನು ಮಾತ್ರ ಬೆರೆಸಿ. ಬಳೆ ಚೂರಿಗೆ ಅಂಕಿ ಹೇಳುವವರು ಯಾರು, ಅಲ್ವಾ? ಕಡ್ಡಿಯನ್ನು ಜ್ವಾಲೆಗೆ ತರುವಾಗಲೂ ಜ್ವಾಲೆಯ ದೂರದ ತುದಿಯಿಂದ ನಿಧಾನವಾಗಿ ಒಳಗೆ ತನ್ನಿ, ಇಲ್ಲದಿದ್ದರೆ ಚೂರು ಸಿಡಿಯುತ್ತದೆ. ಕಡ್ಡಿ ತುದಿ ಜೇನಿನ ಹಾಗೆ ಇಳಿಯುವಾಗ ಸರಳನ್ನು ತಿರುಗಿಸುತ್ತಾ ಸುತ್ತಿಕೊಳ್ಳಿ. ತಿರುಗಿಸುವುದು ನಿಂತರೆ ಮಣಿಗೆ ಹೊಟ್ಟೆ ಬರುತ್ತದೆ.

ಇನ್ನು ಕಿಲ್ನ್. ಮಣಿಯ ಕೆಂಪು ಆರಿದ ಕೂಡಲೇ ಸರಳಿನ ಸಮೇತ ಒಳಗಿಡಿ, ಕಿಲ್ನ್ ಮೊದಲೇ ಕಾದಿರಬೇಕು. 104ರ ಗಾಜಿಗೆ ನಾನು 515 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡುತ್ತೇನೆ. ಆಮೇಲೆ ಗಂಟೆಗೆ 50 ಡಿಗ್ರಿಯಂತೆ 370ರವರೆಗೆ ಇಳಿಸಿ ಆಫ್ ಮಾಡುತ್ತೇನೆ. ಬೆಳಗಿನವರೆಗೆ ಬಾಗಿಲು ತೆಗೆಯುವುದಿಲ್ಲ. ಮಣಿ ದಪ್ಪ ಇದ್ದರೆ ಹೊತ್ತು ಜಾಸ್ತಿ ಬೇಕು. ಕಿಲ್ನ್ ಇಲ್ಲದವರು ಬಿಸಿ ಬೇಗ ಬಿಟ್ಟುಕೊಡದ ಹಗುರ ಖನಿಜದ ಹರಳು ವರ್ಮಿಕ್ಯುಲೈಟ್‌ನಲ್ಲಿ ಹೂಳುತ್ತಾರೆ. ಚಿಕ್ಕ ಮಣಿಗೆ ಸುಮ್ನೆ ತಾತ್ಕಾಲಿಕ ಏರ್ಪಾಡು ಅಷ್ಟೇ, ಮಾರುವ ಮಣಿಗೆ ನಾನಂತೂ ಅದನ್ನು ನಂಬುವುದಿಲ್ಲ.

ತಣಿದ ಮೇಲೆ ನೀರಲ್ಲಿ ನೆನೆಸಿ, ಸರಳನ್ನು ಇಕ್ಕಳದಲ್ಲಿ ಹಿಡಿದು ಮಣಿಯನ್ನು ತಿರುವಿದರೆ ಕಳಚುತ್ತದೆ. ತೂತಿನ ಲೇಪವನ್ನು ನೀರಿನೊಳಗೇ ಉಜ್ಜಿ ತೆಗೆಯಿರಿ. ಒಣಗಿದ ಆ ಪುಡಿ ಮೂಗಿಗೆ ಹೋಗಬಾರದು. ಬಗ್ಗಡವನ್ನು ಸಿಂಕಿಗೆ ಸುರಿಯಬೇಡಿ, ನಮ್ಮ ಮನೆ ಪೈಪು ಒಮ್ಮೆ ಕಟ್ಟಿಕೊಂಡಿದೆ.