ಬಟ್ಟೆಯೂ ಅಕ್ವಾ, ಮೊಟ್ಟೆಯೂ ಅಕ್ವಾ: ಗಿರಾಕಿಗಳ ಜೊತೆ ಇಗ್ಬೋ ಮಾತಾಡುವುದು ಹೇಗೆ?

ನಾನು ಕುಂದಾಪುರದ ಕಡೆಯವನು. ಕೆಲಸ ಮುಂಬೈ ಕಾಲ್ಬಾದೇವಿಯ ಬಟ್ಟೆ ಅಂಗಡಿಯಲ್ಲಿ. ನೈಜೀರಿಯಾದ ವ್ಯಾಪಾರಿಗಳು ನಮ್ಮಲ್ಲಿಂದ ಲೇಸ್ ಬಟ್ಟೆ ಒಯ್ಯುತ್ತಾರೆ. ನಿಮ್ಮ ಅಂಗಡಿಗೂ ಬರುತ್ತಾರಾ? ಹಾಗಾದರೆ ಇಷ್ಟು ಕಲಿತುಕೊಳ್ಳಿ.

ಮೊದಲು ಮನೆಮಾತು ಯಾವುದು ಅಂತ ಕೇಳಿ. ನೈಜೀರಿಯಾದಲ್ಲಿ 500ಕ್ಕೂ ಜಾಸ್ತಿ ಭಾಷೆಗಳಿವೆ. ಉತ್ತರದಲ್ಲಿ ಹೌಸಾ, ನೈಋತ್ಯದಲ್ಲಿ ಯೊರುಬಾ, ಆಗ್ನೇಯದಲ್ಲಿ ಇಗ್ಬೋ. ಇಲ್ಲಿ ನಮ್ಮನ್ನೆಲ್ಲ ಒಟ್ಟಿಗೆ ‘ಮದ್ರಾಸಿ’ ಅಂದಾಗ ಮನಸ್ಸಿಗೆ ಹೇಗಾಗುತ್ತದೆ? ಅವರಿಗೂ ಹಾಗೇ ಅಲ್ವಾ.

ಇಗ್ಬೋ ಅಂದರೆ ‘ಇಗ್-ಬೋ’ ಅಲ್ಲ. ತುಟಿ ಮುಚ್ಚಿಕೊಂಡೇ ಗಂಟಲಲ್ಲಿ ಗಕಾರ ಹಿಡಿಯಿರಿ, ಎರಡನ್ನೂ ಒಟ್ಟಿಗೆ ಬಿಡಿ.

ಕಷ್ಟ ಇರುವುದು ದನಿಯ ಏರಿಳಿತದಲ್ಲಿ. ಒಮ್ಮೆ ಲೇಸ್ ಎತ್ತಿ ತೋರಿಸಿ ‘ಅಕ್ವಾ’ ಅಂದೆ. ಗಿರಾಕಿ ಅಕ್ಕ ತಲೆ ಆಡಿಸಿ, ನನ್ನ ಪೆನ್ಸಿಲ್ ತೆಗೆದುಕೊಂಡು ಬಿಲ್ ಪುಸ್ತಕದ ಹಿಂದೆ ಎರಡು ಗೆರೆ ಎಳೆದರು. ಒಂದು ಮೇಲೆ, ಒಂದು ಕೆಳಗೆ. ಮೊದಲ ಅಕ್ಷರ ಎತ್ತರ, ಎರಡನೆಯದು ತಗ್ಗು ಆದರೆ ಬಟ್ಟೆ. ತಿರುಗಿಸಿದರೆ ಮೊಟ್ಟೆ. ಎರಡೂ ಎತ್ತರವಾದರೆ ಅಳು, ಎರಡೂ ತಗ್ಗಾದರೆ ಮಂಚ. ನಮ್ಮ ಲಿಪಿಯಲ್ಲಿ ಇದನ್ನು ತೋರಿಸುವ ಗುರುತಿಲ್ಲ. ಅದಕ್ಕೇ ಪ್ರತಿ ಅಕ್ಷರದ ತಲೆಯ ಮೇಲೆ ಆ ಗೆರೆ ಹಾಕಿಕೊಳ್ಳಿ. ಬಾಯಿ ಮುಚ್ಚಿ ಬರೀ ರಾಗವನ್ನು ಗುನುಗಿ, ಆಮೇಲೆ ಮಾತು ಸೇರಿಸಿ. ನನಗೆ ಕೈ ಹಿಡಿದದ್ದು ಇದೊಂದೇ ಉಪಾಯ.

ಒಳಗೆ ಬಂದವರಿಗೆ ‘ನ್ನೋ’ ಅನ್ನಿ, ಬನ್ನಿ ಅಂತ ಅರ್ಥ. ಮೊದಲ ‘ನ್’ ಮೂಗಲ್ಲಿ ಸ್ವಲ್ಪ ನಿಲ್ಲಲಿ. ‘ಕೆದು’ ಅಂದರೆ ಹೇಗಿದ್ದೀರಿ. ‘ಎಗೊ ಒಲೆ’ ಅಂತ ಅವರು ಕೇಳಿದರೆ ದುಡ್ಡೆಷ್ಟು ಅಂತ.

ಊರಿಂದ ಊರಿಗೆ ಮಾತು ಬದಲಾಗುತ್ತದೆ. ಪುಸ್ತಕದ ಇಗ್ಬೋಗೆ ಒವೆರಿ, ಉಮುವಾಹಿಯಾ ಕಡೆಯ ಮಾತೇ ಬುಡ. ಅದರಲ್ಲಿ ವಸ್ತುವಿಗೆ ‘ಇಹೆ’. ನೈಜರ್ ನದಿ ದಂಡೆಯ ಒನಿಚಾದವರು ‘ಇಫೆ’ ಅನ್ನುತ್ತಾರೆ. ಹಳಗನ್ನಡದ ‘ಪಾಲು’ ನಮ್ಮ ಬಾಯಲ್ಲಿ ‘ಹಾಲು’ ಆಗಿದೆಯಲ್ಲ, ಅದನ್ನು ನೆನಪಿಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಒನಿಚಾದವರನ್ನು ತಿದ್ದಲು ಹೋಗಬೇಡಿ. ಕುಂದಾಪ್ರ ಕನ್ನಡ ತಪ್ಪು ಅಂತ ಯಾರಾದರೂ ಅಂದರೆ ನಾನು ಸುಮ್ನೆ ಇರುವುದಿಲ್ಲ.

ದುಡ್ಡು ಕೈಗೆ ಬಂದಾಗ ‘ದಾಲು’ ಅನ್ನಿ, ಅದು ಥ್ಯಾಂಕ್ಸ್. ಗಂಟು ಕಟ್ಟಿ ಬಾಗಿಲವರೆಗೆ ಹೋಗಿ ‘ಕಾ ಓ ದಿ’ ಅಂತ ಬೀಳ್ಕೊಡಿ.