ಒಂದೇ ಪರವಲಯದ ಹಾಳೆ ಸರಿಸಿ ನಕ್ಷೆ ಕಲಿಸಿದ್ದು: ನನ್ನ ಅನುಭವ

ವೈ = ಎಕ್ಸ್²ರ ಪರವಲಯ (ಬಟ್ಟಲಿನಾಕಾರದ ಗೆರೆ) ಬರೆದ ಒಂದು ಪಾರದರ್ಶಕ ಹಾಳೆ ಕೈಯಲ್ಲಿದ್ದರೆ ಎಕ್ಸ್² − 6ಎಕ್ಸ್ + 5ರ ನಕ್ಷೆಗೆ ಕೋಷ್ಟಕ ಬೇಕಿಲ್ಲ. ಅದು (ಎಕ್ಸ್ − 3)² − 4 ತಾನೇ, ಹಾಳೆಯ ಶೃಂಗವನ್ನು, ಅಂದರೆ ಗೆರೆ ತಿರುಗುವ ತುದಿಯನ್ನು, (3, −4)ರ ಮೇಲೆ ಕೂರಿಸಿ. ಗೆರೆ ತಾನಾಗಿ 1 ಮತ್ತು 5ರಲ್ಲಿ ಎಕ್ಸ್ ಅಕ್ಷ ದಾಟುತ್ತದೆ. “ಮೊಬೈಲಲ್ಲಿ ನಕ್ಷೆ ಬಿಡಿಸುವ ಜಿಯೋಜೀಬ್ರಾ ಆ್ಯಪ್ ಇರುವಾಗ ಪ್ಲಾಸ್ಟಿಕ್ ಹಾಳೆ ಯಾಕೆ?” ಎಂದ ಸಹೋದ್ಯೋಗಿಗಳೇ ಹೆಚ್ಚು. ಸ್ಲೈಡರ್ ಎಳೆದರೆ ನಕ್ಷೆ ಓಡುವುದು ಕಾಣುತ್ತದೆ ನಿಜ. ಆದರೆ ಯಾವ ಕಡೆ, ಎಷ್ಟು ಎಂಬುದನ್ನು ಮಗು ತೀರ್ಮಾನಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಹಾಳೆಯಲ್ಲಿ ಅದನ್ನು ತೀರ್ಮಾನಿಸದೆ ಕೈ ಕದಲುವುದಿಲ್ಲ. ಪ್ರಥಮ ಪಿಯುಸಿಗೆ ಮೂರು ವರ್ಷ ಹೀಗೇ ಮಾಡಿಸಿದ್ದೇನೆ. ಪ್ರಶ್ನಿಸಿದವರಲ್ಲಿ ಇಬ್ಬರು ಈಗ ಹಾಳೆ ಕೇಳಿ ಒಯ್ಯುತ್ತಾರೆ.

ಹಾಳೆಯಲ್ಲೇ ದುಡ್ಡು ಕೈಬಿಟ್ಟದ್ದು. ಅಗ್ಗವೆಂದು ಸ್ಪೈರಲ್ ಬೈಂಡಿಂಗಿನ ಮುಖಪುಟದ ಪ್ಲಾಸ್ಟಿಕ್ ತಂದು ಝೆರಾಕ್ಸಿಗೆ ಹಾಕಿಸಿದೆ. ಬಿಸಿಗೆ ಸುಕ್ಕುಗಟ್ಟಿ ರೋಲರಿಗೆ ಅಂಟಿತು, ರಿಪೇರಿಗೆ ಎಂಟುನೂರು ಕೊಟ್ಟೆ. ಲೇಸರ್ ಪ್ರಿಂಟಿಗೆ ಎಂದೇ ಬರುವ, ಪ್ರೊಜೆಕ್ಟರಿಗೆ ಬಳಸುವ ಪಾರದರ್ಶಕ ಓಎಚ್‌ಪಿ ಹಾಳೆಯೇ ಆಗಬೇಕು, ಒಂದಕ್ಕೆ ಪ್ರಿಂಟೂ ಸೇರಿ ಹದಿನೈದು ರೂಪಾಯಿ ಬಿತ್ತು. ಒಂದು ಎ4 ಹಾಳೆಯಲ್ಲಿ ನಾಲ್ಕು ತುಂಡು. 1 ಸೆಂ.ಮೀ.ಗೆ 1 ಮಾನ ಇಟ್ಟರೆ ಪರವಲಯ −3ರಿಂದ 3ರವರೆಗೆ ಒಂದು ತುಂಡಿನಲ್ಲಿ ಸಲೀಸಾಗಿ ಹಿಡಿಯುತ್ತದೆ. ಎಕ್ಸ್³ ಮಾತ್ರ 1.9ರ ಆಚೆ ಹೋಗದು. ಅರವತ್ತು ಮಕ್ಕಳಿಗೆ ನಾಲ್ಕು ಬಗೆಯ ಹಾಳೆ ಎಂದರೆ ಒಟ್ಟು ಒಂಬೈನೂರರ ಆಸುಪಾಸು.

ಕೆಳಗಿಡುವ ಗ್ರಾಫ್ ಹಾಳೆಯೂ ಅದೇ ಮಷಿನ್ನಿನಿಂದ, ಅದೇ ಅಳತೆಯಲ್ಲಿ ಬರಬೇಕು. ಅಂಗಡಿಯ ಗ್ರಾಫ್ ಹಾಳೆಯ ಮೇಲೆ ಝೆರಾಕ್ಸ್ ಹಾಳೆ ಇಟ್ಟಾಗ ಶೃಂಗದ ಹತ್ತಿರ ಎಲ್ಲ ಸರಿ ಇತ್ತು, ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ತಪ್ಪಿತು. ಮಷಿನ್ ಚೂರು ಕುಗ್ಗಿಸಿತ್ತು. ಆ ಕಂತು ಪೂರ್ತಿ ದಂಡ. ಕೈಯಲ್ಲೇ ಬರೆಯುವುದಾದರೆ ಪರ್ಮನೆಂಟ್ ಮಾರ್ಕರ್ ಬಳಸಿ, ತಪ್ಪಿದರೆ ಸ್ಯಾನಿಟೈಸರಿನಲ್ಲಿ ಒರೆಸಬಹುದು. (0, 0) ಮತ್ತು (1, 1)ರ ನಡುವೆ (0.5, 0.25) ಗುರುತಿಸದೆ ಸೇರಿಸಿದರೆ ಪರವಲಯದ ತಳ ಚೂಪಾಗುತ್ತದೆ.

ಹಾಳೆಯ ಮೇಲೆ ಎರಡು ಗುರುತು ಕಡ್ಡಾಯ. ಒಂದು, ಅದರದೇ ಮೂಲಬಿಂದುವಿನಲ್ಲಿ ಕೆಂಪು ಅಡ್ಡ-ನೆಟ್ಟ ಗೆರೆ. ಇನ್ನೊಂದು, ಬಲ ಮೇಲ್ತುದಿಯನ್ನು ಕತ್ತರಿಸಿದ ಮೂಲೆ. ಮೂಲೆ ಕತ್ತರಿಸದಿದ್ದರೆ ಹಾಳೆ ಮಗುಚಿದೆಯೋ ತಿರುಗಿದೆಯೋ ಗೊತ್ತಾಗದು, ಎಕ್ಸ್²ನಲ್ಲಂತೂ ಗೊತ್ತಾಗುವುದೇ ಇಲ್ಲ. ಕೆಂಪು ಗುರುತು (3, 0)ಗೆ ಹೋದಾಗ “ಈಗ ಎತ್ತರ ಸೊನ್ನೆ ಆಗಲು ಎಕ್ಸ್ ಎಷ್ಟು?” ಎಂದು ಕೇಳಿ. (ಎಕ್ಸ್ − 3)² ಯಾಕೆ ಬಲಕ್ಕೆ ಹೋಯಿತು ಎಂಬ ಮಾಮೂಲಿ ಜಗಳ ಅಲ್ಲಿಗೇ ತೀರುತ್ತದೆ.

ಎಡವುವುದು ಕ್ರಮದಲ್ಲಿ. −(ಎಕ್ಸ್ − 3)² + 5ಕ್ಕೆ ಮೊದಲು ಎಕ್ಸ್ ಅಕ್ಷದ ಮೇಲೆ ಮಗುಚಿ, ಆಮೇಲೆ ಬಲಕ್ಕೆ 3, ಮೇಲಕ್ಕೆ 5. ಮೊದಲೇ ಮೇಲಕ್ಕೆ ಸರಿಸಿ ಆಮೇಲೆ ಮಗುಚಿದರೆ ಶೃಂಗ (3, −5)ಕ್ಕೆ ಬೀಳುತ್ತದೆ. √(3 − ಎಕ್ಸ್) ಇನ್ನೂ ಕೆಟ್ಟದ್ದು: ವೈ ಅಕ್ಷದ ಮೇಲೆ ಮಗುಚಿದ ನಂತರ ಮಕ್ಕಳು ಎಡಕ್ಕೆ 3 ಸರಿಸುತ್ತಾರೆ. 3 − ಎಕ್ಸ್ ಎಂದರೆ −(ಎಕ್ಸ್ − 3), ಹಾಗಾಗಿ ಬಲಕ್ಕೆ. ಎಡಕ್ಕೆ ಸರಿಸಲೇಬೇಕೆಂದರೆ ಮಗುಚುವ ಮೊದಲು. ಎರಡೂ ದಾರಿಯಲ್ಲಿ ಮಾಡಿಸಿ, ಗೆರೆ (3, 0)ಯಿಂದಲೇ ಹೊರಡಬೇಕು.

√ಎಕ್ಸ್ ಹಾಳೆ ಬೇರೆ ಪ್ರಿಂಟ್ ಮಾಡಿಸಿದ್ದು ದಂಡವೇ. ಎಕ್ಸ್² ಹಾಳೆಯ ಎಡ ಅರ್ಧ ಮುಚ್ಚಿ, ವೈ = ಎಕ್ಸ್ ಗೆರೆಯ ಮೇಲೆ ಮಗುಚಿದರೆ √ಎಕ್ಸ್ ಸಿಕ್ಕಿತು. 1/ಎಕ್ಸ್ ಹಾಳೆಯನ್ನು ಹಾಗೆ ಮಗುಚಿದರೆ ತನ್ನ ಮೇಲೆ ತಾನೇ ಕೂರುತ್ತದೆ.

ಸಮಮಿತಿಗೆ ಗುಂಡುಸೂಜಿ. ಮೂಲಬಿಂದುವಿನಲ್ಲಿ ಚುಚ್ಚಿ ಅರ್ಧ ಸುತ್ತು ತಿರುಗಿಸಿದಾಗ ಗೆರೆ ಮೇಲೆ ಗೆರೆ ಕೂತರೆ ಬೆಸ ಫಂಕ್ಷನ್. ವೈ = ಎಕ್ಸ್³ − 3ಎಕ್ಸ್² + 4 ಹೀಗೆ ಕೂರುವುದಿಲ್ಲ, ಮಕ್ಕಳು ‘ಸಮಮಿತಿ ಇಲ್ಲ’ ಎಂದು ಬರೆದುಬಿಡುತ್ತಾರೆ. ಸೂಜಿಯನ್ನು (1, 2)ಕ್ಕೆ ಒಯ್ಯಿರಿ, ಚೊಕ್ಕವಾಗಿ ಕೂರುತ್ತದೆ. ಎಕ್ಸ್ ಬದಲು ಎಕ್ಸ್ + 1 ಹಾಕಿದರೆ ಎಕ್ಸ್³ − 3ಎಕ್ಸ್ + 2 ಉಳಿಯುತ್ತದೆ, ಕಾರಣ ಅಲ್ಲೇ ಇದೆ: ಎಕ್ಸ್³ − 3ಎಕ್ಸ್ ಬೆಸ, 2 ಬರೀ ಎತ್ತರ. ಸೂಜಿಯ ತೂತು ನಾಲ್ಕೈದು ಸುತ್ತಿಗೇ ಅಗಲವಾಗುತ್ತದೆ. 

ಹಿಗ್ಗಿಸುವುದು, ಕುಗ್ಗಿಸುವುದು ಹಾಳೆಯಿಂದ ಆಗದು. ಬಲೂನಿನ ರಬ್ಬರ್ ಮೇಲೆ ಬರೆದು ಎಳೆದೆ. ಅಡ್ಡಕ್ಕೆ ಎಳೆದರೆ ಎತ್ತರ ಕುಗ್ಗಿತು, ಕೈಬಿಟ್ಟೆ. ಬಿಸಿಲಿನಲ್ಲಿ ಮಾಡಿದ್ದು ಫಲಿಸಿತು. ಗ್ರಾಫ್ ಅಂಟಿಸಿದ ರಟ್ಟನ್ನು ನೇರ ಸೂರ್ಯನಿಗೆ ಹಿಡಿಯಿರಿ. ರಟ್ಟಿನ ಮೇಲೆ ನೆಟ್ಟಗೆ ನಿಲ್ಲಿಸಿದ ಪೆನ್ಸಿಲ್ಲಿನ ನೆರಳು ಮಾಯವಾದರೆ ಸರಿಯಾಗಿದೆ. ಹಾಳೆಯನ್ನು ವೈ ಅಕ್ಷದ ಗುಂಟ ಕತ್ತರಿಸಿ, ಆ ಅಂಚನ್ನು ಗ್ರಾಫಿನ ವೈ ಅಕ್ಷಕ್ಕೆ ತಾಗಿಸಿ 60 ಡಿಗ್ರಿ ಎತ್ತಿ. ನೆರಳಿನಲ್ಲಿ ಅಗಲ ಅರ್ಧವಾಗಿ, ಎತ್ತರ ಹಾಗೇ ಉಳಿಯುತ್ತದೆ: ಹಾಳೆಯ ಫಂಕ್ಷನ್ ಎಫ್(ಎಕ್ಸ್) ಆದರೆ ನೆರಳು ಎಫ್(2ಎಕ್ಸ್). √(2ಎಕ್ಸ್ − 6)ಕ್ಕೆ 6 ಸರಿಸುವ ಮಕ್ಕಳಿಗೆ ಇದನ್ನೇ ತೋರಿಸಿದ್ದು, ಅದು √(2(ಎಕ್ಸ್ − 3)) ತಾನೇ. √ಎಕ್ಸ್ ಹಾಳೆಯ ಈ ನೆರಳನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಬಲಕ್ಕೆ 3 ಸರಿಸಿದರೆ ಸಾಕು, (5, 2), (7.5, 3) ಎರಡೂ ಗೆರೆಯ ಮೇಲೆ ಬರುತ್ತವೆ. ಹಾಳೆಯ ತುದಿ ರಟ್ಟಿನಿಂದ ಹತ್ತು ಸೆಂ.ಮೀ. ದಾಟಿದರೆ ನೆರಳು ಮಸುಕಾಗುತ್ತದೆ, ಆದ್ದರಿಂದ ಚಿಕ್ಕ ತುಂಡೇ ವಾಸಿ.